ಐಸೆನ್‌ಹೋವರ್ ಮತ್ತು ಅವರ ಮೊಣಕಾಲು

(7ನೇ ಇಯತ್ತೆ)

ನಮ್ಮ ಗೋಡೆ ಪತ್ರಿಕೆಯಲ್ಲಿ ಮಹಾಪುರುಷರ ಪರಿಚಯ ಬರೆಯುವ ಪಾಳಿ ಈ ಸಲ ನನಗೆ ಬಂದೈತಿ. ನರಗುಂದದ ಬಾಬಾಸಾಹೇಬರ ಕಥೆ, ಕಿತ್ತೂರ ಚೆನ್ನಮ್ಮನ ಕಥೆ ನಮಗೆಲ್ಲಾ ಬಾಯಿಪಾಠ ಐತಿ. ಅದಕ್ಕೆ ನಾನು ದೂರದ ಒಬ್ಬರನ್ನು ಆರಿಸಿಕೊಂಡೇನಿ. ಅವರ ಹೆಸರು ಡ್ವೈಟ್ ಐಸೆನ್‌ಹೋವರ್. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಕಡೆ ಮಿತ್ರರಾಷ್ಟ್ರಗಳ ದೊಡ್ಡ ಸೇನಾಪತಿ. ಆಮೇಲೆ ಅಮೆರಿಕದ 34ನೇ ಅಧ್ಯಕ್ಷರು. ಆದರೆ ನಾನು ಹೆಚ್ಚು ಬರೆಯೋದು ಯುದ್ಧದ ಬಗ್ಗೆ ಅಲ್ಲ. 1912ರಲ್ಲಿ ಅವರು ಸೈನಿಕ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಆಡಿದ್ದು, ಆ ಆಟ ಅವರ ಕೈ ಬಿಟ್ಟು ಹೋದದ್ದು, ಅದರ ಬಗ್ಗೆ.

ಒಂದು ಮಾತು ಮೊದಲೇ ಹೇಳತೇನಿ. ಅವರು ಸಣ್ಣವರಿದ್ದಾಗಿನ ಸುದ್ದಿ ಬರೆಯುವಾಗ ನಾನು ಅವನು, ಹುಡುಗ ಅಂತ ಬರೀತೇನಿ. ದೊಡ್ಡವರಾದ ಮೇಲೆ ಅವರು ಅಂತ ಬರೀತೇನಿ. ಗುರುಗಳು ತಪ್ಪು ತಿಳಿಯಬಾರದು.

ಐಸೆನ್‌ಹೋವರ್ ಹುಟ್ಟಿದ್ದು 1890ರ ಅಕ್ಟೋಬರ್ 14ರಂದು, ಟೆಕ್ಸಸ್ ರಾಜ್ಯದ ಡೆನಿಸನ್ ಎಂಬ ಊರಿನಲ್ಲಿ. ಅವನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಮನೆಯವರು ಕ್ಯಾನ್ಸಸ್ ರಾಜ್ಯದ ಅಬಿಲೀನ್ ಎಂಬ ಊರಿಗೆ ಬಂದರು. ಕ್ಯಾನ್ಸಸ್ ಅಂದರೆ ನಮ್ಮ ರೋಣದ ಎರಿ ಹೊಲ ಇದ್ದಂಗ. ಎತ್ತ ನೋಡಿದರೂ ಬಯಲು. ಅಲ್ಲಿ ಗೋಧಿ ಬೆಳೀತಾರ. ಊರ ನಡುವೆ ರೈಲು ಹಳಿ. ಹಳಿಯ ಉತ್ತರಕ್ಕೆ ಸಾವುಕಾರರ ಮನೆಗಳು, ದಕ್ಷಿಣಕ್ಕೆ ಬಡವರ ಮನೆಗಳು. ಇವರ ಮನೆ ದಕ್ಷಿಣಕ್ಕೆ ಇತ್ತು. ಅಪ್ಪ ಡೇವಿಡ್ ಒಂದು ಕ್ರೀಮರಿಯಲ್ಲಿ, ಅಂದರೆ ಹಾಲಿನಿಂದ ಬೆಣ್ಣೆ ತೆಗೆಯುವ ಕಾರ್ಖಾನೆಯಲ್ಲಿ, ಮಶಿನ್ ರಿಪೇರಿ ಕೆಲಸ ಮಾಡುತ್ತಿದ್ದ. ತಾಯಿ ಐಡಾ. ಏಳು ಗಂಡು ಮಕ್ಕಳು, ಅದರಲ್ಲಿ ಒಂದು ಕೂಸಿದ್ದಾಗಲೇ ತೀರಿಕೊಂಡಿತು. ನಮ್ಮ ಹುಡುಗ ಮೂರನೆಯವನು. ಗೆಳೆಯರು ಅವನನ್ನು ಐಕ್ ಅಂತ ಕರೆಯುತ್ತಿದ್ದರು. ಮನೆಯ ಹಿತ್ತಲದಲ್ಲಿ ಬೆಳೆದ ಕಾಯಿಪಲ್ಲೆಯನ್ನು ಅಣ್ಣತಮ್ಮಂದಿರು ಹಳಿ ದಾಟಿ ಉತ್ತರದ ಮನೆಗಳಿಗೆ ಒಯ್ದು ಮಾರಿ ಬರುತ್ತಿದ್ದರು.

ಈಗ ಮೊಣಕಾಲಿನ ಮೊದಲನೇ ಸುದ್ದಿ. ಐಕ್ ಹೈಸ್ಕೂಲಿನ ಮೊದಲ ವರ್ಷದಲ್ಲಿದ್ದಾಗ ಓಡುವಾಗ ಬಿದ್ದು ಮೊಣಕಾಲು ತರಚಿತು. ನಮಗೆ ವಾರಕ್ಕೊಂದು ಸಲ ಆಗೋವಂಥದ್ದು. ಆದರೆ ಆ ಗಾಯಕ್ಕೆ ನಂಜಾತು. ಕಾಲು ಬಾತು ಕಪ್ಪಾಗಿ ನಂಜು ಮ್ಯಾಲಕ್ಕ ಏರಾಕ ಹತ್ತಿತು. ಆಗ ಪೆನ್ಸಿಲಿನ್ ಇರಲಿಲ್ಲ, ಅದನ್ನು ಕಂಡುಹಿಡಿದದ್ದು 1928ರಲ್ಲಿ. ಜೀವ ಉಳಿಯಬೇಕಾದರೆ ಕಾಲು ಕತ್ತರಿಸಬೇಕು ಎಂದು ಡಾಕ್ಟರು ಹೇಳಿದರು. ಹುಡುಗ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕಾಲಿಲ್ಲದೆ ಆಟ ಆಡೋದು ಹ್ಯಾಂಗ, ಸತ್ತರೂ ಚಿಂತಿಲ್ಲ ಅಂತ ಹಟ ಹಿಡಿದ. ತನಗೆ ಎಚ್ಚರ ತಪ್ಪಿದಾಗ ಕತ್ತರಿಸಿಬಿಟ್ಟಾರು ಅಂತ ಅಂಜಿ, ಅಣ್ಣ ಎಡ್ಗರ್‌ನನ್ನು ಕೋಣೆಯ ಬಾಗಿಲಿಗೆ ಕಾವಲು ಹಾಕಿದ. ಎಡ್ಗರ್ ಅಲ್ಲಿಂದ ಕದಲಲಿಲ್ಲ. ಕಡೆಗೆ ನಂಜು ಇಳಿಯಿತು, ಕಾಲು ಉಳಿಯಿತು. ಆದರೆ ಶಾಲೆ ತಪ್ಪಿದ್ದರಿಂದ ಅದೇ ಇಯತ್ತೆಯಲ್ಲಿ ಇನ್ನೊಂದು ವರ್ಷ ಕೂಡಬೇಕಾತು. ಈ ಕಥೆ ಓದಿ ನೀವು ಯಾರೂ ಡಾಕ್ಟರ ಮಾತು ಕೇಳದೆ ಹಟ ಮಾಡಬೇಡಿರಿ. ಅವನ ಪುಣ್ಯ ಗಟ್ಟಿ ಇತ್ತು, ಅಷ್ಟೆ.

1909ರಲ್ಲಿ ಹೈಸ್ಕೂಲು ಮುಗಿಯಿತು. ಕಾಲೇಜಿಗೆ ಇಬ್ಬರನ್ನೂ ಕಳಿಸುವಷ್ಟು ರೊಕ್ಕ ಮನೆಯಲ್ಲಿ ಇರಲಿಲ್ಲ. ಅದಕ್ಕೆ ಎಡ್ಗರ್ ಮತ್ತು ಐಕ್ ಒಂದು ಒಪ್ಪಂದ ಮಾಡಿಕೊಂಡರು. ಒಬ್ಬ ಓದುವುದು, ಇನ್ನೊಬ್ಬ ದುಡಿದು ರೊಕ್ಕ ಕಳಿಸುವುದು, ಆಮೇಲೆ ಪಾಳಿ ಬದಲಿ. ಮೊದಲು ಎಡ್ಗರ್ ಹೋದ. ಐಕ್ ಅಪ್ಪನ ಕ್ರೀಮರಿಯಲ್ಲೇ ಬರ್ಫದ ಗಡ್ಡೆ ಎಳೆದ, ಬಾಯ್ಲರಿಗೆ ಕಲ್ಲಿದ್ದಲು ಹಾಕಿದ, ರಾತ್ರಿ ಪಾಳಿಯ ಮೇಲ್ವಿಚಾರಕನಾದ. ಹಿಂಗ ಎರಡು ವರ್ಷ ಹೋತು. ಆಗ ಒಬ್ಬ ಗೆಳೆಯ ಅವನಿಗೆ ಒಂದು ದಾರಿ ಹೇಳಿಕೊಟ್ಟ. ಸರಕಾರದ ಸೈನಿಕ ಕಾಲೇಜಿಗೆ ಪರೀಕ್ಷೆ ಬರೆದು ಆಯ್ಕೆಯಾದರೆ ಫೀ ಇಲ್ಲ, ಊಟ ಬಟ್ಟೆ ಎಲ್ಲಾ ಸರಕಾರದ್ದೇ. ಐಕ್ ನೌಕಾಪಡೆಯ ಕಾಲೇಜಿಗೆ ಹೋಗಬೇಕೆಂದಿದ್ದ, ವಯಸ್ಸು ಮೀರಿತ್ತು. ಅದಕ್ಕೆ ಭೂಸೇನೆಯ ಕಾಲೇಜು ಸಿಕ್ಕಿತು. ಅದರ ಹೆಸರು ವೆಸ್ಟ್ ಪಾಯಿಂಟ್. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ದಂಡೆಯ ಮೇಲೈತಿ, 1802ರಲ್ಲಿ ಶುರುವಾದದ್ದು. ನಮ್ಮಲ್ಲಿ ಡೆಹರಾಡೂನಿನ ಮಿಲಿಟರಿ ಅಕಾಡೆಮಿ ಇದ್ದಂಗ. ವಿಜಾಪುರದ ಸೈನಿಕ ಶಾಲೆಯಿಂದ ಹುಡುಗರು ಮುಂದೆ ಅಂಥಲ್ಲಿಗೇ ಹೋಗುತ್ತಾರೆ. 1911ರ ಜೂನ್ ತಿಂಗಳಲ್ಲಿ ಐಕ್ ಅಲ್ಲಿ ಸೇರಿದ. ಅವನ ತಾಯಿಗೆ ಯುದ್ಧ ಅಂದರೆ ಆಗುತ್ತಿರಲಿಲ್ಲ, ಆಕೆಯ ಧರ್ಮದಲ್ಲಿ ಕತ್ತಿ ಹಿಡಿಯುವುದು ಪಾಪ. ಮಗನನ್ನು ತಡೆಯಲಿಲ್ಲ. ಅವನು ಹೋದ ಮೇಲೆ ಅತ್ತಳು.

ಖರೆ ಹೇಳಬೇಕಂದರೆ ಐಕ್ ಅಲ್ಲಿಗೆ ಹೋದದ್ದು ದೊಡ್ಡ ಸೇನಾಪತಿ ಆಗಬೇಕು ಅಂತ ಅಲ್ಲ. ಪುಕ್ಕಟೆ ಓದು ಮತ್ತು ಫುಟ್‌ಬಾಲ್, ಈ ಎರಡಕ್ಕೆ.

ಈ ಫುಟ್‌ಬಾಲ್ ನಾವು ಒದೆಯುವ ಫುಟ್‌ಬಾಲ್ ಅಲ್ಲ. 1911ರಲ್ಲಿ ಕಲಕತ್ತೆಯ ಮೋಹನ್ ಬಗಾನ್ ತಂಡದವರು ಒಬ್ಬನ ಹೊರತು ಎಲ್ಲರೂ ಬರಿಗಾಲಲ್ಲಿ ಆಡಿ ಇಂಗ್ರೇಜರ ಸೈನಿಕ ತಂಡವನ್ನು 2-1 ರಿಂದ ಸೋಲಿಸಿದರಲ್ಲ, ಆ ಆಟ ಬೇರೆ. ಅಮೆರಿಕದ ಫುಟ್‌ಬಾಲಿನ ಚೆಂಡು ಕೋಳಿ ತತ್ತಿಯ ಆಕಾರದ್ದು. ಅದನ್ನು ಒದೆಯುವುದು ಕಡಿಮೆ, ಬಗಲಲ್ಲಿ ಅವಚಿಕೊಂಡು ಓಡುವುದೇ ಹೆಚ್ಚು. ನಮ್ಮ ಕಬಡ್ಡಿ ನೆನೆಸಿಕೊಳ್ಳಿರಿ. ಚೆಂಡು ಹಿಡಿದವನು ರೈಡರ್ ಇದ್ದಂಗ. ಎದುರಿನ ಹನ್ನೊಂದು ಮಂದಿ ಅವನ ತೊಡೆ, ಮೊಣಕಾಲು, ನಡ ಎಲ್ಲಿ ಸಿಕ್ಕರೆ ಅಲ್ಲಿ ಹಿಡಿದು ನೆಲಕ್ಕೆ ಕೆಡವುತ್ತಾರೆ. ಮೈದಾನ 100 ಗಜ ಉದ್ದ. ನಾಲ್ಕು ಸಲ ಕೆಡವುವುದರೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಕಡೇ ಗೆರೆ ದಾಟಿದರೆ 6 ಪಾಯಿಂಟು. ನಾಲ್ಕು ಸಲ ಮತ್ತು 6 ಪಾಯಿಂಟಿನ ನಿಯಮ ಬಂದದ್ದು 1912ರಲ್ಲೇ. ಆಗಿನ ಕಾಲಕ್ಕೆ ತಲೆಗೆ ಒಂದು ತೊಗಲಿನ ಟೊಪ್ಪಿಗೆ, ಅದನ್ನೂ ಕೆಲವರು ಹಾಕುತ್ತಿರಲಿಲ್ಲ. 1905ರ ಒಂದೇ ವರ್ಷದಲ್ಲಿ ಈ ಆಟದಲ್ಲಿ 18-19 ಮಂದಿ ಸತ್ತು, ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟರೇ ಕಾಲೇಜಿನವರನ್ನು ಕರೆಸಿ ಮಾತಾಡಿ, ಮುಂದಿನ ವರ್ಷ ನಿಯಮ ಬದಲಾದವು.

ಮೊದಲನೇ ವರ್ಷ ಐಕ್ ದೊಡ್ಡ ತಂಡಕ್ಕೆ ಸೇರಲಿಲ್ಲ, ತೂಕ ಕಡಿಮೆ ಇತ್ತು. ಅವನು ವರ್ಷಪೂರ್ತಿ ಹೊಟ್ಟೆ ತುಂಬ ಉಂಡು ಸಾಮು ಮಾಡಿ ಮೈ ಬೆಳೆಸಿದ. 1912ರಲ್ಲಿ ಹಾಫ್ ಬ್ಯಾಕ್ ಆದ. ಚೆಂಡು ಹಿಡಿದು ಓಡುವವನೂ ಅವನೇ, ಎದುರಿನವರು ಓಡಿ ಬಂದಾಗ ಕೆಡವುವವನೂ ಅವನೇ.

ಆ ವರ್ಷ ತಂಡ ಎಂಟು ಆಟ ಆಡಿತು. ಅಕ್ಟೋಬರ್ 5ಕ್ಕೆ ಸ್ಟೀವನ್ಸ್ ಕಾಲೇಜಿನ ಮೇಲೆ 27-0 ಗೆಲುವು. ವಾರ ಬಿಟ್ಟು ರಟ್ಗರ್ಸ್ ಮೇಲೆ 19-0. ಮುಂದೆ ಯೇಲ್ ಜೊತೆ 6-0 ಸೋಲು, ಯೇಲ್ ಅಂದರೆ ಆಗ ಬಲೆ ಹುಲಿಗಳ ತಂಡ. ಕೋಲ್ಗೇಟ್ ಮೇಲೆ 18-7 ಗೆಲುವು. (ಇದು ಹಲ್ಲು ತಿಕ್ಕುವ ಕೋಲ್ಗೇಟ್ ಅಲ್ಲ, ಕಾಲೇಜಿನ ಹೆಸರು. ಆದರೆ ಎರಡಕ್ಕೂ ಹೆಸರು ಬಂದದ್ದು ಒಂದೇ ಮನೆತನದಿಂದ.) ನ್ಯೂಯಾರ್ಕಿನ ಪತ್ರಿಕೆಯವರು ಐಸೆನ್‌ಹೋವರ್ ಎಂಬ ಹೊಸ ಹುಡುಗ ಮುಂದೆ ಬರುತ್ತಾನೆ ಎಂದು ಬರೆದರು. ಬೆಣ್ಣೆ ಕಾರ್ಖಾನೆಯ ಬಾಯ್ಲರ್ ಮುಂದೆ ಕೂತಿದ್ದ ಹುಡುಗನ ಹೆಸರು ಪೇಪರಿನಲ್ಲಿ!

ನವೆಂಬರ್ 9ರ ಆಟವನ್ನು ಮಾತ್ರ ಸ್ವಲ್ಪ ಬಿಡಿಸಿ ಬರೀತೇನಿ. ಅಂದು ವೆಸ್ಟ್ ಪಾಯಿಂಟಿಗೆ ಬಂದದ್ದು ಕಾರ್ಲೈಲ್ ಶಾಲೆಯ ತಂಡ. ಅದು ಅಮೆರಿಕದ ಮೂಲನಿವಾಸಿಗಳ ಮಕ್ಕಳ ಶಾಲೆ, 1879ರಲ್ಲಿ ಸರಕಾರ ಹಳೇ ಸೈನಿಕ ಠಾಣೆಯಲ್ಲಿ ತೆರೆದದ್ದು. ದೂರದೂರದಿಂದ ಮಕ್ಕಳನ್ನು ತಂದು, ಅವರ ಉದ್ದ ಕೂದಲು ಕತ್ತರಿಸಿ, ಹೆಸರು ಬದಲಿಸಿ, ಮನೆಯ ಮಾತು ಆಡಿದರೆ ಶಿಕ್ಷೆ ಕೊಡುತ್ತಿದ್ದರು. ಕನ್ನಡ ಮಾತಾಡಿದ್ದಕ್ಕೆ ನಮ್ಮನ್ನು ಬಡಿದರೆ ಹ್ಯಾಂಗ ಆಗಬೇಕು, ಹಂಗ. ಅವರ ಎದುರಿಗೆ ನಿಂತವರು ನಾಳೆ ಸೈನ್ಯದ ಅಧಿಕಾರಿಗಳಾಗುವ ಹುಡುಗರು. ಆ ಸೈನ್ಯ 22 ವರ್ಷ ಹಿಂದೆ, ಐಕ್ ಹುಟ್ಟಿದ 1890ರಲ್ಲೇ, ವೂಂಡೆಡ್ ನೀ ಎಂಬ ಹಳ್ಳದ ದಂಡೆಯಲ್ಲಿ ಮೂಲನಿವಾಸಿ ಹೆಂಗಸರು ಮಕ್ಕಳು ಅನ್ನದೆ ಗುಂಡಿಟ್ಟು ಕೊಂದಿತ್ತು. ಆ ಹಳ್ಳದ ಹೆಸರಿನ ಅರ್ಥ ಗಾಯಗೊಂಡ ಮೊಣಕಾಲು. ಇದನ್ನು ಓದಿ ನನಗ ಮೈ ಜುಂ ಅಂತು.

ಕಾರ್ಲೈಲ್ ತಂಡದಲ್ಲಿ ಜಿಮ್ ಥಾರ್ಪ್ ಇದ್ದ. ಅದೇ ವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಐದು ಸ್ಪರ್ಧೆಗಳ ಪೆಂಟಾಥ್ಲಾನ್, ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದು ಬಂದಿದ್ದ. ಅವನನ್ನು ಆಟದಿಂದ ಹೊರಗೆ ಹಾಕಬೇಕು ಎಂದು ಐಕ್ ಮತ್ತು ಇನ್ನೊಬ್ಬ ಗೆಳೆಯ ಸಂಚು ಹಾಕಿದರು. ಒಬ್ಬ ಮೇಲೆ, ಒಬ್ಬ ಕೆಳಗೆ, ಇಬ್ಬರೂ ಒಮ್ಮೆಲೆ ಬೀಳೋದು. ಒಂದು ಸಲ ಹಂಗೇ ಕೆಡವಿದರು. ಥಾರ್ಪ್ ಮಣ್ಣು ಝಾಡಿಸಿಕೊಂಡು ಎದ್ದ. ಮತ್ತೊಂದು ಸಲ ಇಬ್ಬರೂ ಓಡಿ ಬಂದಾಗ ಅವನು ಗಕ್ಕನೆ ನಿಂತುಬಿಟ್ಟ, ಇವರಿಬ್ಬರೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕೆಳಗೆ ಬಿದ್ದು ಆಟದಿಂದ ಹೊರಗೆ ಹೋದರು ಎಂದು ಹೇಳುತ್ತಾರೆ. ಕಾರ್ಲೈಲ್ 27, ಸೈನಿಕ ಕಾಲೇಜು 6. ನಾನು ಐಸೆನ್‌ಹೋವರ್ ಬಗ್ಗೆ ಬರೆಯುತ್ತಿದ್ದರೂ ಈ ಆಟದಲ್ಲಿ ಕಾರ್ಲೈಲ್ ಹುಡುಗರು ಗೆದ್ದದ್ದು ನನಗೆ ಛಲೋ ಅನಿಸಿತು. ಐಸೆನ್‌ಹೋವರ್ ಕೂಡ ಮುಪ್ಪಾದ ಮೇಲೂ ಥಾರ್ಪನನ್ನು ಹೊಗಳುತ್ತಿದ್ದರು. ಆ ಥಾರ್ಪನ ಪದಕಗಳನ್ನು ಮರುವರ್ಷವೇ ಕಸಿದುಕೊಂಡರು. ಹಿಂದೊಮ್ಮೆ ಸ್ವಲ್ಪ ರೊಕ್ಕ ತಗೊಂಡು ಬೇಸ್‌ಬಾಲ್ ಆಡಿದ್ದ ಅಂತ ನೆಪ. ಅವನು ಸತ್ತದ್ದು 1953ರಲ್ಲಿ. ಪದಕ ಮನೆಯವರ ಕೈಗೆ ಬಂದದ್ದು 1983ರಲ್ಲಿ. ಆ ಎರಡೂ ಸ್ಪರ್ಧೆಗಳಿಗೆ ಅವನೊಬ್ಬನೇ ವಿಜೇತ ಎಂದು ಮತ್ತೆ ಬರೆದದ್ದು 2022ರಲ್ಲಿ.

ವಾರ ಬಿಟ್ಟು ನವೆಂಬರ್ 16ಕ್ಕೆ ಟಫ್ಟ್ಸ್ ಕಾಲೇಜಿನ ಜೊತೆ ಆಟ. ತಂಡ 15-6 ಗೆದ್ದಿತು. ಆದರೆ ಆಟದ ನಡುವೆ ಚೆಂಡು ಹಿಡಿದು ನುಗ್ಗಿದಾಗ ಐಕ್‌ನ ಮೊಣಕಾಲು ಹೊರಳಿತು. ಬಾತುಕೊಂಡಿತು, ಕೆಲವು ದಿನ ಆಸ್ಪತ್ರೆಯಲ್ಲಿ ಮಲಗಿದ. ಇನ್ನೇನು ಬಾವು ಇಳಿದು ಎದ್ದು ಬಂದ ಅನ್ನುವಾಗ ಕುದುರೆ ಸವಾರಿಯ ಕವಾಯತು ಬಂತು. ಓಡುವ ಕುದುರೆಯಿಂದ ಜಿಗಿದು ಇಳಿಯುವುದು, ಮತ್ತೆ ಜಿಗಿದು ಹತ್ತುವುದು. ಇಳಿಯುವಾಗ ಕಾಲು ನೆಲಕ್ಕೆ ತಾಗಿದ್ದೇ ತಡ, ಮೊಣಕಾಲಿನ ಒಳಗಿನ ನರ ಕೀಲು ಎಲ್ಲಾ ಹರಿದವು. ಪ್ಲಾಸ್ಟರ್ ಹಾಕಿದರು. ಇನ್ನು ಜನ್ಮದಾಗ ಫುಟ್‌ಬಾಲ್ ಆಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ತಂಡದವರು ಮುಂದೆ ಸಿರಾಕ್ಯೂಸ್ ಮೇಲೆ 23-7 ಗೆದ್ದರು, ನವೆಂಬರ್ 30ಕ್ಕೆ ನೌಕಾಪಡೆಯ ಕಾಲೇಜಿಗೆ 6-0 ಸೋತರು. ಸೈನ್ಯ ಮತ್ತು ನೌಕಾಪಡೆಯ ಆಟ ಅಂದರೆ ಅವರಿಗೆ ಜಾತ್ರೆಯ ಕಡೇ ಕುಸ್ತಿ ಇದ್ದಂಗ, ಆ ಒಂದು ಆಟಕ್ಕಾಗಿ ವರ್ಷವಿಡೀ ಕಾಯುತ್ತಾರೆ. ಐಕ್ ಅದನ್ನು ಆಡಲಿಲ್ಲ. ಒಟ್ಟು ಐದು ಗೆಲುವು, ಮೂರು ಸೋಲು. ಅವನಿಗೆ 22 ವರ್ಷ, ಅಲ್ಲಿಗೆ ಆಟ ಮುಗಿಯಿತು.

ನಮ್ಮ ದೊಡ್ಡಪ್ಪನ ಮಗ ಅಣ್ಣ ಒಬ್ಬ ಅದಾನ. ಮಿಲ್ಟ್ರಿ ಭರ್ತಿಗೆ ಹೋಗಬೇಕಂತ ದಿನಾ ನಸುಕಿನಾಗ ಎದ್ದು ರಸ್ತೆ ಮ್ಯಾಲೆ 1600 ಮೀಟರ್ ಓಡುತ್ತಿದ್ದ. ನಮ್ಮ ಕಡೆ ಹಿಂಗ ಓಡೋ ಹುಡುಗರನ್ನ ನೀವೂ ನೋಡೀರಿ. ಹೋದ ವರ್ಷ ಜಾತ್ರೆಯ ಕಬಡ್ಡಿಯಲ್ಲಿ ಅವನ ಮೊಣಕಾಲು ಹೊರಳಿತು. ಈಗ ನಡೀತಾನ, ಓಡಾಕ ಬರೂದಿಲ್ಲ. ಎರಡು ತಿಂಗಳು ಯಾರ ಜೋಡಿನೂ ಮಾತಾಡಲಿಲ್ಲ, ಅವನ ಬೂಟು ಕಟ್ಟೆಯ ಮ್ಯಾಲೆ ಹಂಗ ಇದ್ದವು. ಅದಕ್ಕೆ ಐಕ್ ಆಮೇಲೆ ಏನು ಮಾಡಿದ ಅನ್ನೋದನ್ನು ನಾನು ಪುಸ್ತಕದಾಗ ಎರಡು ಸಲ ಓದೇನಿ.

ಐಕ್ ಕೂಡ ಮೊದಲು ಬಹಳ ಕುಗ್ಗಿ ಹೋದ. ಓದಿನಲ್ಲಿ ನಂಬರ ಕೆಳಗಿಳಿಯಿತು, ಸಿಗರೇಟು ಸೇದಿ ಶಿಕ್ಷೆ ತಿಂದ. ಕಾಲೇಜು ಬಿಟ್ಟು ಹೋಗುತ್ತೇನೆಂದು ಗಂಟು ಕಟ್ಟುವಷ್ಟಾಯಿತು, ಗೆಳೆಯರು ಹಿಡಿದು ನಿಲ್ಲಿಸಿದರು. ಸ್ವಲ್ಪ ದಿನಕ್ಕೆ ಅವನು ಮೈದಾನದ ಗೆರೆಯ ಆಚೆ ಬಂದು ನಿಂತ. ತಂಡಕ್ಕೆ ಹುರುಪು ತುಂಬಲು ಕೂಗುವವರ ಮುಂದಾಳಾದ. ಆಮೇಲೆ ಕಿರಿಯರ ತಂಡಕ್ಕೆ ಕೋಚ್ ಆದ. ತಾನು ಆಡುವಾಗ ಎದುರಿಗೆ ಬಂದವನೊಬ್ಬನೇ ಕಾಣುತ್ತಿದ್ದ, ಗೆರೆಯ ಆಚೆ ನಿಂತಾಗ ಎರಡೂ ತಂಡದ 22 ಮಂದಿ ಕಂಡರು ಅಂತ ನನಗ ಅನಿಸತೈತಿ. ಯಾರು ದಣಿದಾರ, ಯಾರನ್ನ ಎಲ್ಲಿ ಹಾಕಬೇಕು, ಜಗಳಾಡೋ ಇಬ್ಬರನ್ನ ಒಂದೇ ಕೆಲಸಕ್ಕ ಹ್ಯಾಂಗ ಹಚ್ಚಬೇಕು, ಇದನ್ನ ಅವನು ಅಲ್ಲೇ ಕಲಿತಿರಬೇಕು.

1915ರಲ್ಲಿ 164 ಮಂದಿಯಲ್ಲಿ 61ನೆಯವನಾಗಿ ಪಾಸಾದ. ಶಿಸ್ತಿನಲ್ಲಿ 125ನೇ ನಂಬರ! ಆ ವರ್ಗದ 59 ಹುಡುಗರು ಮುಂದೆ ಜನರಲ್ ಆದರು. ಆದರೆ ಐಕ್‌ಗೆ ಅಧಿಕಾರಿ ಹುದ್ದೆಯೇ ತಪ್ಪಿ ಹೋಗುವುದರಲ್ಲಿತ್ತು. ಈ ಮೊಣಕಾಲು ಸೈನ್ಯಕ್ಕೆ ಬೇಡ ಎಂದು ಕಾಲೇಜಿನ ಡಾಕ್ಟರು ಅನುಮಾನ ಮಾಡಿದರು. ಹೋದರೆ ಹೋಗಲಿ, ಅರ್ಜೆಂಟೀನಾ ದೇಶಕ್ಕೆ ಹೋಗಿ ಬದುಕುತ್ತೇನೆ ಎಂದು ಐಕ್ ಮನಸ್ಸು ಮಾಡಿದ್ದ. ಕಡೆಗೆ ಪದಾತಿ ದಳದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಮಾಡಿದರು. ಇನ್ನು ಮುಂದೆ ಅವರು ಅಂತ ಬರೀತೇನಿ.

ಮುಂದಿನ 25 ವರ್ಷ ಲಗೂನ ಹೇಳಿ ಮುಗಿಸತೇನಿ. 1916ರಲ್ಲಿ ಮೇಮಿ ಎಂಬುವರನ್ನು ಮದುವೆಯಾದರು. ಮೊದಲನೇ ಮಹಾಯುದ್ಧಕ್ಕೆ ಹೋಗಬೇಕೆಂದು ಅರ್ಜಿ ಮೇಲೆ ಅರ್ಜಿ ಕೊಟ್ಟರು. ಹಡಗು ಹತ್ತಬೇಕಾದ ದಿನ 1918ರ ನವೆಂಬರ್ 18, ಯುದ್ಧ ಮುಗಿದದ್ದು ನವೆಂಬರ್ 11. ಮೂರು ವರ್ಷದ ಮಗ 1921ರಲ್ಲಿ ಜ್ವರದಿಂದ ತೀರಿಕೊಂಡ. ಆ ಮಗನ ಹುಟ್ಟಿದ ದಿನ ಬಂದಾಗ ಪ್ರತಿ ವರ್ಷ ಹೆಂಡತಿಗೆ ಹೂವು ಕಳಿಸುತ್ತಿದ್ದರು. 16 ವರ್ಷ ಒಂದೇ ಮೇಜರ್ ಹುದ್ದೆ. ಸೈನ್ಯದವರು ಎಲ್ಲಿಗೆ ವರ್ಗ ಮಾಡಿದರೂ ಅಲ್ಲಿಯ ಫುಟ್‌ಬಾಲ್ ತಂಡ ನೋಡಿಕೊಳ್ಳಲು ಹೇಳುತ್ತಿದ್ದರು, ಅದು ಅವರಿಗೇ ಬೇಜಾರಾಗಿತ್ತು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ, ಇಂಗ್ಲೆಂಡ್, ಕೆನಡಾ ಮೊದಲಾದ ದೇಶಗಳ ಸೈನ್ಯ ಫ್ರಾನ್ಸಿನ ನಾರ್ಮಂಡಿ ದಂಡೆಗೆ ಇಳಿಯಬೇಕಾದಾಗ ಎಲ್ಲರ ಮೇಲೆ ಇವರನ್ನೇ ಹಾಕಿದರು. ಆ ದೇಶಗಳ ಸೇನಾಪತಿಗಳು ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. 1944ರ ಜೂನ್ 5ಕ್ಕೆ ಮುಹೂರ್ತ ಇಟ್ಟಿದ್ದರು, ಬಿರುಗಾಳಿಯಿಂದ ಒಂದು ದಿನ ಮುಂದಕ್ಕೆ ಹಾಕಿ ಜೂನ್ 6ಕ್ಕೆ ಇಳಿದರು. ಒಂದೇ ದಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು. ಅಲ್ಲಿ ಅಮೆರಿಕದ ಸೈನ್ಯವನ್ನು ನಡೆಸಿದವರು ಓಮರ್ ಬ್ರಾಡ್ಲಿ. ಇವರೂ 1912ರ ತಂಡದ ಫೋಟೋದಲ್ಲಿ ಅದಾರ. ಐಸೆನ್‌ಹೋವರ್ ಸೋತರೆ ಇರಲಿ ಅಂತ ಒಂದು ಚೀಟಿ ಬರೆದು ಇಟ್ಟುಕೊಂಡಿದ್ದರು. ಸೋಲಿನ ತಪ್ಪೆಲ್ಲಾ ತನ್ನೊಬ್ಬನದೇ, ಸೈನಿಕರದ್ದಲ್ಲ ಎಂದು ಅದರಲ್ಲಿತ್ತು. ಗಡಿಬಿಡಿಯಲ್ಲಿ ಜೂನ್ ಬದಲು ಜುಲೈ ಅಂತ ತಾರೀಖು ಹಾಕಿದ್ದರು. ಚೀಟಿ ಓದುವ ಪ್ರಸಂಗ ಬರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರ ಸಣ್ಣ ವಿಮಾನ ಸಮುದ್ರದ ದಂಡೆಯ ಮೇಲೆ ಇಳಿಯಿತು. ನೀರು ಏರಿ ಬರುತ್ತಿತ್ತು. ಅಷ್ಟು ದೊಡ್ಡ ಸೇನಾಪತಿ ತಾವೇ ಇಳಿದು ಪೈಲಟ್ ಜೊತೆ ವಿಮಾನ ನೂಕಲು ಹೋಗಿ, ಉಸುಕಿನಲ್ಲಿ ಮತ್ತೆ ಮೊಣಕಾಲು ಹೊರಳಿಸಿಕೊಂಡರು!

1953ರಿಂದ 1961ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದರು. 1953ರಲ್ಲಿ ಕೊರಿಯಾ ಯುದ್ಧ ನಿಂತಿತು. ಆಗ ಸೆರೆಸಿಕ್ಕ ಸೈನಿಕರ ವ್ಯವಸ್ಥೆ ನೋಡಿದ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. 1954ರಲ್ಲಿ ಐಸೆನ್‌ಹೋವರ್ ಪಿ.ಎಲ್. 480 ಎಂಬ ಕಾಯ್ದೆಗೆ ಸಹಿ ಹಾಕಿದರು. ಅದರಿಂದ ಅವರ ಹೆಚ್ಚಿನ ಕಾಳು ನಮ್ಮಂಥ ದೇಶಗಳಿಗೆ ಬರಲಿಕ್ಕೆ ಹತ್ತಿತು. ಅವರಿಗೂ ಮಾರಾಟವಾಗದ ಗೋಧಿ ಖರ್ಚಾಗಬೇಕಿತ್ತು, ಬರೇ ದಾನ ಅಂತ ತಿಳಿಯಬಾರದು. ನಮ್ಮ ಅಜ್ಜ ಸಾಲಿಗೆ ಹೋಗುವಾಗ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು ಕೊಡುತ್ತಿದ್ದರಂತೆ, ಹಾಲಿನ ಪುಡಿಯ ಹಾಲೂ ಇತ್ತಂತೆ. ಅದು ಬಂದದ್ದು ಈ ಕಾಯ್ದೆಯಿಂದ ಅಂತ ನಾನು ಹೇಳಿದಾಗ ಅಜ್ಜ ಆ ಉಪ್ಪಿಟ್ಟಿನ ವಾಸನಿ ಇನ್ನೂ ಮೂಗಿನಾಗ ಐತಿ ಅಂದ. ಛಲೋ ವಾಸನಿಯೋ ಕೆಟ್ಟದ್ದೋ ಹೇಳಲಿಲ್ಲ.

1959ರ ಡಿಸೆಂಬರಿನಲ್ಲಿ ಅವರು ನಮ್ಮ ದೇಶಕ್ಕೇ ಬಂದರು. ಅಧಿಕಾರದಲ್ಲಿದ್ದಾಗ ಭಾರತಕ್ಕೆ ಬಂದ ಮೊದಲ ಅಮೆರಿಕದ ಅಧ್ಯಕ್ಷರು ಅವರೇ. ದಿಲ್ಲಿಯಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದರು, ಎರಚಿದ ಹೂವಿನಿಂದ ಕಾರು ತುಂಬಿ ಹೋಗಿತ್ತು. ಆಗ ನಮ್ಮ ಸೈನ್ಯದ ಮುಖ್ಯಸ್ಥರು ಅದೇ ತಿಮ್ಮಯ್ಯನವರು. ಅಧಿಕಾರ ಬಿಡುವ ಮೂರು ದಿನ ಮೊದಲು, 1961ರ ಜನವರಿ 17ರಂದು, ಶಸ್ತ್ರ ತಯಾರಿಸುವ ಕಂಪನಿಗಳು ಮತ್ತು ಸೈನ್ಯ ಕೂಡಿ ಸರಕಾರದ ಮೇಲೆ ಹಿಡಿತ ಸಾಧಿಸದಂತೆ ಎಚ್ಚರ ಇರಬೇಕೆಂದು ತಮ್ಮ ಜನಕ್ಕೆ ಹೇಳಿದರು. ಜನ್ಮವೆಲ್ಲಾ ಸೈನ್ಯದಲ್ಲಿ ಕಳೆದವರೇ ಹಿಂಗ ಹೇಳಿದ್ದು ನನಗ ಆಶ್ಚರ್ಯ ಅನಿಸಿತು. ಅವರ ತಾಯಿಯ ನೆನಪಾತು.

1969ರ ಮಾರ್ಚ್ 28ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಹವನ್ನು ರೈಲಿನಲ್ಲಿ ಅಬಿಲೀನಿಗೆ ತಂದರು. ಸಣ್ಣವರಿದ್ದಾಗ ಬೆಳೆದ ಮನೆ ಅಲ್ಲೇ ಹತ್ತಿರ ಐತಿ. ಮೂರು ವರ್ಷಕ್ಕೆ ಸತ್ತ ಮಗನ ಬದಿಗೆ ಅವರನ್ನು ಹೂಳಿದರು. ಮೈ ಮೇಲೆ ಸೈನ್ಯದ ಅಂಗಿ. ಶವದ ಪೆಟ್ಟಿಗೆ ಅಧ್ಯಕ್ಷರಿಗೆಂದು ಮಾಡಿಸಿದ್ದಲ್ಲ, ಸಾದಾ ಸೈನಿಕರಿಗೆ ಕೊಡುವಂಥ 80 ಡಾಲರಿನ ಪೆಟ್ಟಿಗೆ.